ಕಡಲಗಾಳಿಯೊಡನೆ ಒಂದು ದೀರ್ಘ ಸಂಚಾರ

ಮಲ್ಪೆಯ ದಕ್ಷಿಣಕ್ಕಿರುವ ಪಡುಕೆರೆಯಿಂದ ಕಾಪುವಿನ ದೀಪಸ್ತಂಭದ ವರೆಗೆ ಸಮುದ್ರತೀರವಾಗಿ ನಡೆದರೆ ಸುಮಾರು 13 ಕಿಲೋಮೀಟರು ಆಗುವದು. ದಾರಿಯ ಮೊದಲ ಭಾಗದಲ್ಲಿ ಬಲಗಡೆಗೆ ಅರಬ್ಬಿ ಸಮುದ್ರ, ಎಡಗಡೆಗೆ ಉದ್ಯಾವರದ ಹೊಳೆ. ಇವೆರಡರ ನಡುವೆ ಹೊಯಿಗೆಯ ಒಂದು ಕಿರಿದಾದ ಪಟ್ಟಿ. ಆ ಪಟ್ಟಿಯ ಮೇಲೆ ಮನೆಗಳೂ ತೆಂಗಿನ ತೋಟಗಳೂ ಸಿಹಿನೀರಿನ ಬಾವಿಗಳೂ ಇವೆ. ಇಷ್ಟು ಸಡಿಲವಾದ ನೆಲವು ಸಮುದ್ರದೆದುರಿಗೆ ನಿಂತಿರುವದು ಹೇಗೆಂಬದನ್ನು ತಿಳಿಯಲಪೇಕ್ಷಿಸುವವರಿಗೆ ಈ ಸಂಚಾರವು ಒಳ್ಳೇ ಪಾಠವಾಗಿದೆ.

ಮೊದಲು ಗಾಳಿಯ ಸ್ವಭಾವವನ್ನು ವಿಚಾರಿಸೋಣ. ಹಗಲಲ್ಲಿ ನೆಲವು ಬೇಗನೆ ಕಾಯುವದು. ನೀರು ನಿಧಾನವಾಗಿ ಕಾಯುವದು. ಕಾದ ನೆಲದ ಮೇಲಣ ವಾಯುವು ಹಗುರವಾಗಿ ಮೇಲಕ್ಕೇರಲು, ಅದರ ಸ್ಥಾನಕ್ಕೆ ಕಡಲಿನ ತಂಪಾದ ವಾಯುವು ನುಗ್ಗಿ ಬರುವದು. ರಾತ್ರಿಯಲ್ಲಿ ನೆಲವೇ ಮೊದಲು ತಣಿಯುವದರಿಂದ ಗಾಳಿಯು ಕಡಲಿನ ಕಡೆಗೆ ತಿರುಗುವದು. ಹಾಯಿದೋಣಿಗಳ ಕಾಲದಲ್ಲಿ ಮೊಗವೀರರು ಮುಂಜಾವದ ಗಾಳಿಯಿಂದ ಹೊರಟು ಮಧ್ಯಾಹ್ನದ ಗಾಳಿಯಿಂದ ದಡಕ್ಕೆ ಮರಳುತ್ತಿದ್ದದ್ದು ಈ ನಿಯಮವನ್ನು ಅನುಸರಿಸಿಯೇ.

ಒಣ ಹೊಯಿಗೆಯಲ್ಲಿ ಕಾಲು ಹೂತುಹೋಗುವದು. ಆದುದರಿಂದ ನೀರಿಳಿತದ ಹೊತ್ತಿನಲ್ಲಿ ಒದ್ದೆಯಾದ ಅಂಚಿನಲ್ಲಿ ನಡೆಯುವದು ಸುಲಭ. ಕಣಗಳ ನಡುವಣ ನೀರು ಅವುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ. ಮೇಲುಗಡೆಯ ಒಣ ಹೊಯಿಗೆಯನ್ನಾದರೋ ಮಧ್ಯಾಹ್ನದ ಗಾಳಿಯು ಎತ್ತಿಕೊಂಡು ಹೋಗುವದು. ಅಲ್ಲಿ ಆಡಿನ ಗೊರಸಿನಂಥ ಎಲೆಯೂ ನಸುನೇರಳೆ ಹೂವೂ ಉಳ್ಳ ಒಂದು ಬಳ್ಳಿಯು ಹಬ್ಬಿರುವದು. ಹಾರಿ ಬಂದ ಹೊಯಿಗೆಯು ಬಳ್ಳಿಗೆ ತಡೆದು ಕೆಳಗೆ ಬೀಳುವದು. ಬಳ್ಳಿಯು ಅದರ ಮೇಲೆ ಮತ್ತೆ ಹಬ್ಬುವದು. ಹೀಗೆ ದಿಬ್ಬವು ಬೆಳೆಯುತ್ತದೆ.

ಈ ದಿಬ್ಬವು ತೀರದ ಕಣಜವೆನ್ನಬಹುದು. ಮಳೆಗಾಲದ ದೊಡ್ಡ ತೆರೆಗಳು ಅದರಿಂದ ಹೊಯಿಗೆಯನ್ನು ಕಡಲೊಳಕ್ಕೆ ಸೆಳೆದೊಯ್ಯುವವು. ಬಳಿಕ ಶಾಂತವಾದ ತೆರೆಗಳು ಬಹುಭಾಗವನ್ನು ಹಿಂದಕ್ಕೆ ತಂದು ಹಾಕುವವು. ಕಣಜವನ್ನು ಬರಿದುಮಾಡಿದರೆ ತೆರೆಯು ತೋಟಕ್ಕೇ ಕೈಯಿಕ್ಕುವದು. ದಾರಿಯಲ್ಲಿ ಅಲ್ಲಲ್ಲಿ ಕಾಣುವ ಬಂಡೆಗಲ್ಲಿನ ತಡೆಗೋಡೆಗಳು ಹಿಂದಣ ನೆಲವನ್ನು ಕಾಯುವವಾದರೂ, ಅನೇಕ ವೇಳೆ ಎದುರಿನ ಹೊಯಿಗೆಯು ಕೊಚ್ಚಿಹೋಗಿ, ತೆರೆಯ ಬಲವು ಗೋಡೆಯ ಕೊನೆಯಾಚೆಗೆ ತಿರುಗುವದು.

ಬಾವಿಗಳ ಸಂಗತಿಯೂ ಹೀಗೆಯೇ. ಮಳೆನೀರು ಉಪ್ಪುನೀರಿಗಿಂತ ಹಗುರವಾದದರಿಂದ ಹೊಯಿಗೆಯೊಳಗೆ ಅದರ ಮೇಲೆ ತೇಲಿಕೊಂಡಿರುವದು. ದಿಬ್ಬವು ಕರಗಿ ನೆಲವು ತಗ್ಗಿದರೆ ಸಿಹಿನೀರಿನ ಪದರವು ತೆಳುವಾಗಿ, ಕೊಡದಲ್ಲಿ ಉಪ್ಪುನೀರು ಬರುವದು. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಮಟ್ಟುಗುಳ್ಳದ ಬದನೆಯು ಬೆಳೆಯುವದು ಇದೇ ದಾರಿಯ ಮಗ್ಗುಲಿನಲ್ಲಿ ಎಂಬದನ್ನು ನೆನಸಿದರೆ, ಹಾನಿಯು ಎಷ್ಟು ದೂರ ಮುಟ್ಟೀತೆಂದು ತಿಳಿಯುವದು.

ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವು ಕರೀ ಬಂಡೆಯ ಮೇಲೆ ನಿಂತಿದೆ. ನಾವು ನಡೆದು ಬಂದ ತೀರಕ್ಕೆ ಅಂಥ ಅಸ್ತಿವಾರವಿಲ್ಲ. ಅದನ್ನು ಹಿಡಿದಿರುವದು ಬಳ್ಳಿಯ ಬೇರು. ಆದುದರಿಂದ ತಾಯಿತಂದೆಗಳು ದಶಂಬರದಿಂದ ಫೆಬ್ರವರಿಯ ವರೆಗಿನ ಹಿತವಾದ ದಿನಗಳಲ್ಲಿ ತಮ್ಮ ಬಾಲಕಿಯರನ್ನು ಈ ದಾರಿಯಲ್ಲಿ ನಡೆಸಿ ತೋರಿಸಲಿ. ಹೂವನ್ನು ನೋಡಲಿ, ಬಳ್ಳಿಯನ್ನು ಕೀಳದಿರಲಿ; ದಿಬ್ಬವನ್ನು ಬಳಸಿ ನಡೆಯಲಿ.