ಪಹಣಿಯ ಹನ್ನೆರಡನೆಯ ಕಾಲಂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ಮುಂಗಾರಿನ ಹದ ನೋಡಿ ಶೇಂಗಾ ಬಿತ್ತಿದ ರೈತನಿಗೆ, ಹೂವಿನ ಬುಡದಿಂದಿಳಿದ ಎಳೆಯು ಮಣ್ಣನ್ನು ಹೊಕ್ಕು ಕಾಯಿ ಕಟ್ಟುವ ಆ ಕೆಲವು ವಾರಗಳಲ್ಲಿ ಮಳೆ ಬಾರದೆ ಹೋದರೆ, ಬಳ್ಳಿ ಹಸಿರಾಗಿದ್ದರೂ ಬೆಳೆಯು ಆಗಲೇ ಕೈಬಿಟ್ಟಿತೆಂದು ತಿಳಿಯುತ್ತದೆ. 2023ರ ಆಗಸ್ಟ್ ಅಂಥದೇ ಮಾಸವಾಗಿದ್ದಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು.

ಆಮೇಲಿನ ಕಥೆ ಪತ್ರಿಕೆ ಓದುವವರೆಲ್ಲ ಬಲ್ಲದ್ದು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೋರಿತು. ತನ್ನ ಬೊಕ್ಕಸದಿಂದ ಮೊದಲ ಕಂತಾಗಿ ರೈತನೊಬ್ಬನಿಗೆ 2,000 ರೂಪಾಯಿವರೆಗೆ ಕೊಟ್ಟಿತು. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಅಂತ್ಯಕ್ಕೆ ಸುಮಾರು 3,454 ಕೋಟಿ ದೊರಕಿತು. ಅಷ್ಟರಲ್ಲಿ ಮುಂದಿನ ಬಿತ್ತನೆಯ ಕಾಲವೇ ಸಮೀಪಿಸಿದ್ದಿತು.

ಇನ್‌ಪುಟ್ ಸಬ್ಸಿಡಿಯೆಂಬ ಈ ಬೆಳೆನಷ್ಟ ಪರಿಹಾರದ ಲೆಕ್ಕ ಆಗ ಹೀಗಿದ್ದಿತು: ಬೆಳೆ ಶೇಕಡಾ 33ಕ್ಕಿಂತ ಕಡಿಮೆಯಿಲ್ಲದಂತೆ ನಷ್ಟವಾಗಿರಬೇಕು, ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಎರಡು ಹೆಕ್ಟೇರಿನ ಮೇಲಿನ ನೆಲ ಗಣನೆಗಿರಲಿಲ್ಲ. ಎಂದರೆ ಖುಷ್ಕಿ ರೈತನಿಗೆ ಎಕರೆಗೆ ಸುಮಾರು 3,400. ಬೀಜ, ಗೊಬ್ಬರ, ಬಾಡಿಗೆ ಟ್ರಾಕ್ಟರಿನ ಉಳುಮೆ, ಕಳೆಯ ಕೂಲಿ ಇವೆಲ್ಲವನ್ನು ಕೂಡಿಸಿದವರಿಗೆ ಈ ಮೊತ್ತದ ಅಲ್ಪತ್ವವನ್ನು ವಿವರಿಸಬೇಕಾಗಿಲ್ಲ.

ಆದರೆ ಮೊತ್ತಕ್ಕಿಂತಲೂ ನನ್ನನ್ನು ಹೆಚ್ಚಾಗಿ ಬಾಧಿಸುವುದು ಅದು ತಲುಪುವ ದಾರಿ. ರಾಜ್ಯದ ರೈತರ ದತ್ತಾಂಶವಾದ ಫ್ರೂಟ್ಸ್‌ನಲ್ಲಿ ನೋಂದಣಿ, ಆಧಾರ್, ಬ್ಯಾಂಕ್ ಖಾತೆ ಇವು ಮೂರೂ ಒಂದಕ್ಕೊಂದು ಹೊಂದಿ, ಹಣವು ಮಧ್ಯವರ್ತಿಯ ಕೈ ಸೋಕದೆ ನೇರವಾಗಿ ಜಮೆಯಾಗುವುದು ನಿಸ್ಸಂದೇಹವಾಗಿ ಶ್ಲಾಘ್ಯವೇ. ಆದರೆ ಆ ಸರಪಳಿಯ ಮೊದಲ ಕೊಂಡಿ ಪಹಣಿ, ಎಂದರೆ ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆ. ತೀರಿಕೊಂಡ ತಾತನ ಹೆಸರಿನಲ್ಲೇ ಖಾತೆ ನಿಂತಿರುವ ಮನೆಯವರು ಪೌತಿ ಖಾತೆಗೆಂದು ನಾಡಕಚೇರಿಗೆ ಅಲೆಯುತ್ತಾರೆ. ಅವರಿಗೆ ಕಷ್ಟದಿಂದಾದರೂ ಒಂದು ಮಾರ್ಗವುಂಟು. ಪರರ ಹೊಲವನ್ನು ಗುತ್ತಿಗೆಗೆ ಹಿಡಿದು, ಸಾಲ ತಂದು ಬಿತ್ತಿ, ಬರಕ್ಕೆ ಸರ್ವಸ್ವವನ್ನೂ ಒಪ್ಪಿಸಿದವನಿಗೆ ಅದೂ ಇಲ್ಲ. ಪಟ್ಟಣದಲ್ಲಿರುವ ಖಾತೆದಾರನ ಮೊಬೈಲಿಗೆ ಹಣ ಜಮೆಯಾದ ಸಂದೇಶ ಬರುತ್ತದೆ.

ಇದಕ್ಕೆ ಕಾರಣ ಕೇವಲ ಕಚೇರಿಯ ಔದಾಸೀನ್ಯವಲ್ಲ. 1974ರ ಭೂಸುಧಾರಣೆಯು ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿದ ಮಹತ್ಕಾರ್ಯ. ಅದರೊಡನೆಯೇ ಹೊಸ ಗೇಣಿಗೆ ಬಹುಮಟ್ಟಿಗೆ ನಿಷೇಧವೂ ಬಂದುದರಿಂದ, ಇಂದು ಗುತ್ತಿಗೆಯೆಂಬುದು ಊರಿನವರೆಲ್ಲರೂ ಕಂಡ, ಕಾಗದ ಮಾತ್ರ ಕಾಣದ ಬಾಯಿಮಾತಾಗಿ ಉಳಿದಿದೆ. ಪಹಣಿಯ ಹನ್ನೆರಡನೆಯ ಕಾಲಂ ಸಾಗುವಳಿದಾರನ ಹೆಸರಿಗೆಂದೇ ಇದ್ದರೂ, ಅಲ್ಲಿ ಅನ್ಯನ ಹೆಸರು ಬಿದ್ದರೆ ಭೂಮಿಯೇ ಕೈತಪ್ಪೀತೆಂದು ಮಾಲೀಕನು ಅಂಜುತ್ತಾನೆ. ಆ ಅಂಜಿಕೆಗೆ ಚರಿತ್ರೆಯ ಆಧಾರವಿದೆಯಾದ್ದರಿಂದ ಅದನ್ನು ದುರ್ಬುದ್ಧಿಯೆಂದು ಜರೆಯಲಾರೆ.

ಚಳ್ಳಕೆರೆಯ ಗಡಿ ದಾಟಿದರೆ ಸಿಗುವ ಆಂಧ್ರಪ್ರದೇಶವು 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯಿದೆಯನ್ನು ತಂದು, ಮಾಲೀಕನ ಒಡೆತನಕ್ಕೆ ಕಿಂಚಿತ್ತೂ ಚ್ಯುತಿಯಿಲ್ಲದೆ, ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಗುತ್ತಿಗೆ ರೈತನಿಗೆ ಕಾರ್ಡು ಕೊಡುವ ಏರ್ಪಾಡು ಮಾಡಿತು. ಆ ಕಾಯಿದೆಯಲ್ಲಿಯೂ ಮಾಲೀಕನ ರುಜುವಿಲ್ಲದೆ ಕಾರ್ಡಿಲ್ಲ. ಅದು ದೊಡ್ಡ ಕೊರತೆ. ನಮ್ಮಲ್ಲಿ ಬೆಳೆನಷ್ಟದ ಸಮೀಕ್ಷೆಗೆ ಕಂದಾಯ ಮತ್ತು ಕೃಷಿ ಇಲಾಖೆಗಳವರು ಹೇಗೂ ಹೊಲಕ್ಕೆ ಬಂದು ನಿಲ್ಲುತ್ತಾರೆ. ಬಿತ್ತಿದವರಾರೆಂಬುದನ್ನು ನೆರೆಹೊಲದವರ ಸಾಕ್ಷಿಯೊಡನೆ ಅಲ್ಲಿಯೇ ಬರೆದುಕೊಂಡು, ಆ ಬರೆಹವು ಪರಿಹಾರಕ್ಕೆ ಮಾತ್ರ, ಸ್ವಾಮ್ಯಕ್ಕಲ್ಲ ಎಂದು ಶಾಸನದಲ್ಲಿ ಸ್ಪಷ್ಟಪಡಿಸುವುದನ್ನು ಮುಂದಿನ ಬರಗಾಲಕ್ಕೆ ಮುಂಚಿತವಾಗಿಯೇ ಸರ್ಕಾರ ಮಾಡತಕ್ಕದ್ದು.