ಸಿನಿಮಾ ಹರಟೆಯೂ ಹದಿಮೂರು ವೇಗಗಳೂ



ಹಿಂದೆ ಅರಳಿಕಟ್ಟೆಯ ಮೇಲೆ, ಕ್ಷೌರದ ಅಂಗಡಿಯಲ್ಲಿ, ಟೂರಿಂಗ್ ಟಾಕೀಸಿನಿಂದ ಮನೆಗೆ ನಡೆದು ಬರುವ ದಾರಿಯಲ್ಲಿ ನಡೆಯುತ್ತಿದ್ದ ಸಿನಿಮಾ ಮಾತುಕತೆ ಈಗ ವಾಟ್ಸಾಪ್ ಗುಂಪುಗಳಿಗೆ ಬಂದು ನೆಲೆಸಿದೆ. ಅರವತ್ತು ದಾಟಿದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಯಾರೋ ಹಳೆಯ ಹಾಡೊಂದನ್ನು ಕಳುಹಿಸುತ್ತಾರೆ. ಇನ್ನೊಬ್ಬರು ಅದನ್ನು ಹಾಡಿದವರ ಹೆಸರು ಹೇಳುತ್ತಾರೆ. ಮೂರನೆಯವರು ಆ ಹೆಸರು ತಪ್ಪೆನ್ನುತ್ತಾರೆ. ಅಲ್ಲಿಗೆ ರಾತ್ರಿಯ ಹನ್ನೊಂದು ಗಂಟೆ. “ಈ ವಯಸ್ಸಿನಲ್ಲಿ ಅಪ್ಪಾಜಿಗೆ ಇದೇನು ಚಟ, ಬಿಡಿಸಿ ಡಾಕ್ಟರೇ” ಎಂದು ಮಕ್ಕಳು, ಸೊಸೆಯಂದಿರು ನಮ್ಮ ಬಳಿ ದೂರುವುದುಂಟು. ಬಿಡಿಸುವ ಮುನ್ನ ಶಾಸ್ತ್ರವನ್ನೊಮ್ಮೆ ನೋಡುವುದು ಒಳಿತು.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಕುರಿತದ್ದು. ವೇಗವೆಂದರೆ ದೇಹದಲ್ಲಿಯೋ ಮನಸ್ಸಿನಲ್ಲಿಯೋ ತಾನಾಗಿ ಏಳುವ ಒತ್ತಡ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ಶ್ರಮದಿಂದ ಬರುವ ಏದುಸಿರು ಎಂಬ ಹದಿಮೂರನ್ನು ತಡೆಯಬಾರದೆಂದು ಆಚಾರ್ಯರು ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳೂ ಇವೆ. ಅವುಗಳಲ್ಲಿ ಮಾತಿಗೆ ಸಂಬಂಧಿಸಿದವು ಐದು: ಕಠೋರವಾದ ಮಾತು, ಅಳತೆ ಮೀರಿದ ಮಾತು, ಚಾಡಿಯ ಮಾತು, ಸುಳ್ಳು ಮಾತು ಮತ್ತು ಹೊತ್ತಲ್ಲದ ಹೊತ್ತಿನ ಮಾತು.

ರಾತ್ರಿ ಮೊಬೈಲ್ ಹಿಡಿದು ಕುಳಿತವರನ್ನು ಗಮನಿಸಿರಿ. ಆಕಳಿಕೆ ಬಂದರೂ ಏಳುವುದಿಲ್ಲ. ಮೂತ್ರಕ್ಕೆ ಹೋಗಬೇಕೆನಿಸಿದರೂ ‘ಇದೊಂದಕ್ಕೆ ಉತ್ತರ ಕೊಟ್ಟು ಹೋಗೋಣ’ ಎಂದು ತಡೆದುಕೊಳ್ಳುತ್ತಾರೆ. ನಿದ್ರೆಯನ್ನಂತೂ ಕಣ್ಣುಜ್ಜಿ ಓಡಿಸುತ್ತಾರೆ. ಆದರೆ ನಾಲಿಗೆಗೆ, ಅಂದರೆ ಬೆರಳಿಗೆ, ಯಾವ ತಡೆಯೂ ಇಲ್ಲ. ಬಿಡಬೇಕಾದುದನ್ನು ತಡೆದು, ತಡೆಯಬೇಕಾದುದನ್ನು ಬಿಡುವ ಈ ವಿಪರೀತವೇ ರೋಗಕ್ಕೆ ದಾರಿಯೆಂಬುದು ನಮ್ಮ ಅಭಿಪ್ರಾಯ. ದೋಷ ಸಿನಿಮಾದ್ದಲ್ಲ, ಹರಟೆಯದೂ ಅಲ್ಲ.

ಹರಟೆಯ ಪರವಾಗಿ ಆಚಾರ್ಯರದೇ ಸಾಕ್ಷಿಯಿದೆ. ಕಣ್ಣೀರನ್ನು ತಡೆದವರಿಗೆ ನೆಗಡಿ, ಕಣ್ಣಿನ ಬೇನೆ, ಹೃದ್ರೋಗ, ಅರುಚಿ, ತಲೆಸುತ್ತು ಬರುತ್ತವೆಂದು ಹೇಳಿ, ಅದಕ್ಕೆ ಮೂರು ಚಿಕಿತ್ಸೆಗಳನ್ನು ಸೂಚಿಸಿದ್ದಾರೆ. ಒಂದು ನಿದ್ರೆ, ಮತ್ತೊಂದು ಮದ್ಯ, ಅದನ್ನು ಮಠದ ಪತ್ರಿಕೆಯಲ್ಲಿ ನಾವು ವಿಸ್ತರಿಸಲಾರೆವು, ಮೂರನೆಯದು ‘ಪ್ರಿಯಾಃ ಕಥಾಃ’, ಮನಸ್ಸಿಗೆ ಹಿತವಾದ ಮಾತುಕತೆ. ಕಷಾಯ, ಚೂರ್ಣಗಳ ಸಾಲಿನಲ್ಲಿ ಮಾತುಕತೆಯನ್ನೂ ಔಷಧವೆಂದು ಎಣಿಸಿದ ದೃಷ್ಟಿ ಅದು.

ಇದರ ಎರಡು ಮುಖಗಳನ್ನೂ ನಾವು ಒಬ್ಬರಲ್ಲಿಯೇ ಕಂಡೆವು. ಅವರು 71 ವರ್ಷದ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು. ಪತ್ನಿ ಲಿಂಗೈಕ್ಯರಾದಾಗ ಬಂಧುಗಳೆದುರು ಅವರು ಅಳಲಿಲ್ಲ. ನಾಲ್ಕೈದು ತಿಂಗಳಲ್ಲಿ ಊಟ ಸೇರದಾಯಿತು, ಮೈ ಇಳಿಯಿತು, ಮಾತು ನಿಂತಿತು. ರಕ್ತಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲ. ನಾವು ಕೊಟ್ಟ ದೀಪನ, ಪಾಚನಗಳಿಂದಲೂ ಅಷ್ಟೇನೂ ಗುಣವಾಗಲಿಲ್ಲ. ಆಮೇಲೆ ಅವರ ಮಗಳು ಹೊಸ ಮೊಬೈಲ್ ಕೊಡಿಸಿ, ಅವರೊಡನೆ ಕೆಲಸ ಮಾಡಿದ ಶಿಕ್ಷಕರ ಗುಂಪಿಗೆ ಸೇರಿಸಿದರು. ಅಲ್ಲಿ ಯಾರೋ 1971ರ ‘ಕಸ್ತೂರಿ ನಿವಾಸ’ದ ಪ್ರಸ್ತಾಪ ತೆಗೆದರು. ಮದುವೆಯಾದ ಹೊಸತರಲ್ಲಿ ದಂಪತಿಗಳಿಬ್ಬರೂ ಟೆಂಟಿನಲ್ಲಿ ಕುಳಿತು ನೋಡಿದ ಚಿತ್ರವದು. ಇರುವುದನ್ನೆಲ್ಲ ಕೊಟ್ಟವನ ಬಳಿ ಕೊನೆಗೆ ಕೊಡಲು ಪಾರಿವಾಳವೂ ಉಳಿಯದ ಆ ಕಥೆಯ ಕುರಿತು ನಾಲ್ಕು ಸಾಲು ಬರೆಯಹೋಗಿ ಮೇಷ್ಟ್ರು ಮನಸಾರೆ ಅತ್ತರಂತೆ. ಅಂದಿನಿಂದ ಅವರು ಹಗುರಾದರು. ತಿಂಗಳೊಪ್ಪತ್ತಿನಲ್ಲಿ ರೊಟ್ಟಿ ಎರಡಕ್ಕೇರಿತು.

ಮುಂದೆ ‘ನಾಗರಹಾವು’ ಬಂದಿತು. 1972ರ ಈ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರು ಜಾತಿಯ ಕಾರಣಕ್ಕೆ ರಾಮಾಚಾರಿಯನ್ನು ಒಪ್ಪಿಸಿ ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡುತ್ತಾರಲ್ಲ, ಅದು ಸರಿಯೇ ಎಂಬ ಚರ್ಚೆ. ಗುಂಪಿನಲ್ಲಿದ್ದವರೆಲ್ಲರೂ ಮೇಷ್ಟ್ರುಗಳೇ! ಶಿಷ್ಯನ ಬಾಳು ಕೆಟ್ಟದ್ದೇ ಗುರುವಿನಿಂದ ಎಂದು ಕೆಲವರು. ಗುರುವಿನ ಪ್ರೀತಿಯಲ್ಲಿ ಕಪಟವಿರಲಿಲ್ಲವೆಂದು ನಮ್ಮವರು. ಮೂರು ರಾತ್ರಿ ಒಂದು ಗಂಟೆಯವರೆಗೆ ವಾದ ನಡೆದು, ಕೊನೆಗೆ “ನೀವೂ ಅಂಥವರೇ” ಎಂಬ ಮಾತು ಬಿದ್ದಿತು. ನಾಲ್ಕನೆಯ ದಿನ ತಲೆಭಾರವೆಂದು ಬಂದಾಗ ರಕ್ತದೊತ್ತಡ 170/100 ಇತ್ತು. ರಾತ್ರಿಯ ಮಾತ್ರೆಯನ್ನು ಎರಡು ದಿನ ಮರೆತಿದ್ದರು. ಮೂತ್ರ ಕಟ್ಟಿದಂತಾಗುತ್ತದೆಂದೂ ಹೇಳಿದರು. ಅವರ ವಯಸ್ಸಿನಲ್ಲಿ ಪ್ರೋಸ್ಟೇಟ್ ಗ್ರಂಥಿಯ ಊತವನ್ನೂ ನೋಡಬೇಕಾದ್ದರಿಂದ ಎರಡಕ್ಕೂ ಅಂದೇ ತಜ್ಞರ ಬಳಿಗೆ ಕಳುಹಿಸಿದೆವು.

ಮೊಬೈಲನ್ನು ಕಸಿದುಕೊಳ್ಳಬೇಕೆಂದು ಮಗ ಹಟ ಹಿಡಿದರು. ನಾವು ಒಪ್ಪಲಿಲ್ಲ. ಕಸಿದಿದ್ದರೆ ಮೇಷ್ಟ್ರು ಪುನಃ ಆ ಮೌನಕ್ಕೇ ಮರಳುತ್ತಿದ್ದರು. ಬದಲಿಸಬೇಕಾದದ್ದು ಹೊತ್ತನ್ನು. ರಾತ್ರಿಜಾಗರಣೆ ರೂಕ್ಷ, ಅದು ವಾತವನ್ನು ಕೆರಳಿಸುತ್ತದೆ. ವೃದ್ಧಾಪ್ಯವೋ ಸ್ವಭಾವತಃ ವಾತದ ಕಾಲ. ನಿದ್ರೆ ತರುವ ಮೆಲಟೋನಿನ್ ಎಂಬ ರಸವನ್ನು ಪರದೆಯ ಬೆಳಕು ಕುಗ್ಗಿಸುತ್ತದೆಂದು ಆಧುನಿಕ ವೈದ್ಯವೂ ಹೇಳುತ್ತದೆ. ಆದ್ದರಿಂದ ಸಂಜೆ ಐದರಿಂದ ಏಳರವರೆಗೆ ಹರಟೆ, ಎಂಟರೊಳಗೆ ಊಟ, ಒಂಬತ್ತಕ್ಕೆ ಮೊಬೈಲ್ ಅಡುಗೆಮನೆಯ ಗೂಡಿನಲ್ಲಿ. ಹಾಸಿಗೆಗೆ ಹೋಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ, ಜಾರದಂತೆ ಒರೆಸಿಕೊಳ್ಳುವುದು. ಮಧ್ಯಾಹ್ನ ಬೇಕಾದರೆ ಕುಳಿತಲ್ಲೇ ಅರ್ಧ ಗಂಟೆಯ ತೂಕಡಿಕೆ. ಮಾತ್ರೆಯ ಡಬ್ಬಿ ಊಟದ ತಟ್ಟೆಯ ಪಕ್ಕದಲ್ಲಿ.

ಮಾತಿನ ಐದು ವೇಗಗಳನ್ನೂ ಅವರಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆವು. ಸುಳ್ಳು ಮಾತೆಂದರೆ ತಾವಾಗಿ ಆಡುವುದಷ್ಟೇ ಅಲ್ಲ. ಬದುಕಿರುವ ಕಲಾವಿದರನ್ನು ತೀರಿಕೊಂಡರೆಂದು ಹಬ್ಬಿಸುವ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸುವುದೂ ಅದೇ. ಇನ್ನು ಯಾವ ನಟ ದೊಡ್ಡವರೆಂಬ ಅಭಿಮಾನಿಗಳ ಜಗಳ! ಅದರಲ್ಲಿ ಐದೂ ಒಟ್ಟಿಗೆ ಸೇರಿರುತ್ತವೆ. ಅಂಥ ಜಗಳ ಕಂಡ ಕೂಡಲೇ ಎದ್ದು ಒಂದು ಲೋಟ ನೀರು ಕುಡಿಯಿರಿ ಎಂದೆವು.

ಎಲ್ಲರಿಗೂ ಹರಟೆಯೇ ಸಾಲದು. ಊಟ, ನಿದ್ರೆ, ಮಾತು ಮೂರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕುಂದಿದ್ದರೆ, ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ ಸಹ, ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಮೇಷ್ಟ್ರ ರಕ್ತದೊತ್ತಡ ಈಗ ಹತೋಟಿಯಲ್ಲಿದೆ. ಬೆಳಗಿನ ಲಿಂಗಪೂಜೆಗೆ ಮತ್ತೆ ಐದಕ್ಕೆ ಏಳುತ್ತಿದ್ದಾರೆ. ಕಳೆದ ವಾರ ಬಂದವರು ನಾಡಿ ತೋರಿಸುವ ಮೊದಲೇ, “ಡಾಕ್ಟರೇ, ಚಾಮಯ್ಯ ಮೇಷ್ಟ್ರ ವಿಷಯದಲ್ಲಿ ನೀವೇನಂತೀರಿ?” ಎಂದು ಕೇಳಿದರು. ಸಂಜೆ ಐದರ ಮೇಲೆ ಹೇಳುತ್ತೇವೆ ಎಂದೆವು.