ಚಳಿಗೆ ಮೆಣಸಿನ ಗಿಡ ಮುದುಡಿದ್ರೆ ಎಣ್ಣೆ ಹೊಡೆಯೋ ಮುಂಚೆ ಕಾಯಿ ಸೀಳಿ ನೋಡಿ

ಹಾವೇರಿ: ಎಳ್ಳ ಅಮಾವಾಸ್ಯೆ ಹತ್ತಿರ ಬಂತು ಅಂದ್ರೆ ಬ್ಯಾಡಗಿ, ರಾಣೇಬೆನ್ನೂರು, ಸವಣೂರು ಭಾಗದ ಮೆಣಸಿನಕಾಯಿ ಹೊಲಗಳಲ್ಲಿ ಕೇಳಿ ಬರೋದು ಒಂದೇ ಮಾತು: "ಗಿಡ ನಿಂತಬಿಟ್ಟಾವ, ಹೂ ಉದರಾಕತ್ತಾವ." ಮರುದಿನ ಬೆಳಿಗ್ಗೆ ಗೊಬ್ಬರದ ಅಂಗಡಿ ಮುಂದೆ ಬೈಕ್ ಸಾಲು. ಮೂರ್ನಾಲ್ಕು ಬಾಟಲಿ ಒಟ್ಟಿಗೆ ಕಲಸಿ ಪಂಪಿಗೆ ಸುರಿದು ಹೊಡೆದದ್ದೂ ಆಯ್ತು. ವಾರ ಕಳೆದರೂ ಹೂ ಉದುರೋದು ನಿಲ್ಲಲ್ಲ. ನಿಲ್ಲೋದಾದರೂ ಹೇಗೆ? ಹೂ ಕೆಟ್ಟಿದ್ದು ಹುಳದಿಂದಲ್ಲ, ರಾತ್ರಿಯ ಚಳಿಯಿಂದ ಅಂತಾದ್ರೆ ಯಾವ ಬಾಟಲಿಯಲ್ಲೂ ಅದಕ್ಕೆ ಮದ್ದಿಲ್ಲ.

ಪಕ್ಕದ ಹೊಲದ ಹಿಂಗಾರಿ ಜೋಳ, ಕಡಲೆ, ಕುಸುಬೆ ಇದೇ ಚಳಿಯಲ್ಲಿ ನಳನಳಿಸುತ್ತಿರುತ್ತವೆ. ಮೆಣಸಿನಕಾಯಿ ಮಾತ್ರ ಯಾಕೆ ಹೀಗೆ ಅಂದ್ರೆ, ಅದರ ತವರು ಅಮೆರಿಕ ಖಂಡದ ಬೆಚ್ಚನೆಯ ನಾಡು. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ನಮ್ಮ ಕಡೆ ಬಂದ ಬೆಳೆ ಇದು. ಬ್ಯಾಡಗಿ ಹೆಸರಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಗಿಡದ ಸ್ವಭಾವ ಇನ್ನೂ ಆ ಹಳೇ ಊರಿನದ್ದೇ. ಹಗಲು 20ರಿಂದ 30 ಡಿಗ್ರಿ, ರಾತ್ರಿ 15 ಡಿಗ್ರಿಗಿಂತ ಮೇಲೆ ಇದ್ದರೆ ಅದಕ್ಕೆ ಸುಖ. 15ರ ಕೆಳಗೆ ಇಳಿದರೆ ಬೆಳವಣಿಗೆ ಮಂದವಾಗುತ್ತೆ. 10ರ ಆಸುಪಾಸಿಗೆ ಬಂದು ನಾಲ್ಕಾರು ರಾತ್ರಿ ಅಲ್ಲೇ ನಿಂತರೆ ಹೂ, ಚಿಗುರು ಎರಡಕ್ಕೂ ಪೆಟ್ಟು. ಗಿಡವೇ ಸುಟ್ಟಂತೆ ಕಪ್ಪಾಗಿ ಸಾಯೋದು ಹಿಮ ಕಟ್ಟಿದಾಗ. ಬಯಲುಸೀಮೆಯಲ್ಲಿ ಆ ಪ್ರಮೇಯ ಬರೋದಿಲ್ಲ. ಹಾಗಾಗಿ ಇಲ್ಲಿ ಬೆಳೆದು ನಿಂತ ಗಿಡಕ್ಕೆ ಜೀವದ ಭಯ ಇಲ್ಲ. ಭಯ ಇರೋದು ಎಳೆ ಅಗಿಗೆ, ಮತ್ತು ದೊಡ್ಡ ಗಿಡದ ಮುಂದಿನ ಕಾಯಿಗೆ.

ಬೇರು ಮೊದಲು ನಡುಗುತ್ತೆ

ಚಳಿ ಎಲೆಗೆ ತಾಗುತ್ತೆ ಅಂತ ಎಲ್ಲರೂ ಎಲೆ ನೋಡ್ತಾರೆ. ಆದರೆ ಮೊದಲು ಕೆಲಸ ನಿಲ್ಲಿಸೋದು ಬೇರು. ಮಣ್ಣು ತಣ್ಣಗಾದರೆ ಬೇರು ನೀರು ಎಳೆಯೋದು ನಿಧಾನವಾಗುತ್ತೆ. ಬೆಳಿಗ್ಗೆ ಎಂಟು ಒಂಬತ್ತಕ್ಕೆ ಬಿಸಿಲು ಚುರುಕಾದಾಗ ಎಲೆ ನೀರು ಕೇಳುತ್ತೆ, ಬೇರಿಗೆ ಕೊಡೋಕೆ ಆಗಲ್ಲ. ಮಣ್ಣಲ್ಲಿ ಹಸಿ ಇದ್ದರೂ ಗಿಡ ಬಾಡಿದಂತೆ ಕಾಣೋದು ಇದಕ್ಕೇ. ಅದನ್ನು ನೋಡಿ ಇನ್ನಷ್ಟು ನೀರು ಬಿಟ್ಟರೆ ಎರೆ ಹೊಲದಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತೆ. ಮಧ್ಯಾಹ್ನದ ಹೊತ್ತಿಗೆ ಗಿಡ ತಾನೇ ಚೇತರಿಸಿಕೊಂಡರೆ ಅದು ಚಳಿಯ ಬಾಡು. ಸಂಜೆಯಾದರೂ ಏಳದಿದ್ದರೆ ಒಂದು ಗಿಡ ಕಿತ್ತು ಬುಡ ಸೀಳಿ ನೋಡಬೇಕು. ಒಳಗೆ ಕಂದು ಬಣ್ಣ ತಿರುಗಿದ್ದರೆ ಸೊರಗು ರೋಗ, ಅದರ ದಾರಿಯೇ ಬೇರೆ.

ಎಳೆ ಎಲೆ ಮತ್ತು ದಂಟು ನೇರಳೆ ಬಣ್ಣಕ್ಕೆ ತಿರುಗೋದೂ ಇದೇ ಕಥೆ. ರಂಜಕದ ಕೊರತೆ ಅಂತ ಅಂಗಡಿಯವರು ಡಿಎಪಿ ಕೊಡ್ತಾರೆ. ಮಣ್ಣಲ್ಲಿ ರಂಜಕ ಇರುತ್ತೆ, ತಣ್ಣಗಾದ ಬೇರಿಗೆ ಅದನ್ನು ಎತ್ತಿಕೊಳ್ಳೋಕೆ ಆಗಿರಲ್ಲ, ಅಷ್ಟೇ. ನಾಲ್ಕು ದಿನ ಬಿಸಿಲು ಬಿದ್ದು ರಾತ್ರಿ ಬೆಚ್ಚಗಾದರೆ ಹೊಸ ಎಲೆ ಹಸಿರಾಗೇ ಬರುತ್ತೆ. ಯೂರಿಯಾ ಕೊಟ್ಟು ಗಿಡ ಎಬ್ಬಿಸೋಣ ಅನ್ನೋದು ಇನ್ನೂ ದೊಡ್ಡ ತಪ್ಪು. ಅದರಿಂದ ಬರೋ ಎಳೆ ಚಿಗುರಿಗೆ ಚಳಿಯೂ ಬೇಗ ತಾಗುತ್ತೆ, ಥ್ರಿಪ್ಸೂ ಮುತ್ತುತ್ತೆ.

ಇಂದು ಉದುರಿದ ಹೂ ಕೆಟ್ಟದ್ದು ಇಂದಲ್ಲ

ಹೂ ಅರಳೋ ಎಷ್ಟೋ ದಿನ ಮೊದಲೇ ಮೊಗ್ಗಿನೊಳಗೆ ಪರಾಗ ತಯಾರಾಗುತ್ತಿರುತ್ತೆ. ಆ ರಾತ್ರಿಗಳು ತೀರಾ ತಣ್ಣಗಿದ್ದರೆ ಪರಾಗ ಜೊಳ್ಳು. ನೋಡೋಕೆ ಹೂ ಚೆನ್ನಾಗೇ ಅರಳುತ್ತೆ, ಕಾಯಿ ಕಟ್ಟೋ ಶಕ್ತಿ ಇರಲ್ಲ. ಬಹಳಷ್ಟು ಉದುರುತ್ತವೆ, ಉಳಿದವು ಮೊಂಡು ಮೊಂಡಾಗಿ, ಸೊಟ್ಟಗೆ ಗುಂಡಿ ಗಾತ್ರಕ್ಕೆ ನಿಲ್ಲುತ್ತವೆ. ಅಂಥ ನಾಲ್ಕು ಕಾಯಿ ಕಿತ್ತು ಉಗುರಲ್ಲಿ ಸೀಳಿ ನೋಡಿ. ಒಳಗೆ ಬೀಜವೇ ಇಲ್ಲ, ಇದ್ದರೂ ಐದಾರು ಅಂದ್ರೆ ಪರಾಗ ಕೈಕೊಟ್ಟಿದೆ ಅಂತ ಅರ್ಥ. ಕಳೆದ ವಾರದ ಚಳಿಗೆ ಇವತ್ತು ಔಷಧಿ ಹೊಡೆದು ಏನು ಪ್ರಯೋಜನ?

ರಾಣೇಬೆನ್ನೂರು, ಹಿರೇಕೆರೂರು ಕಡೆ ನೆಟ್ ಹೌಸ್‌ನಲ್ಲಿ ಹೈಬ್ರಿಡ್ ಬೀಜ ಮಾಡೋರಿಗೆ ಈ ಪೆಟ್ಟು ನೇರ. ಅಲ್ಲಿ ಕೂಲಿ ಕೊಟ್ಟು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಪರಾಗ ಜೊಳ್ಳಾದರೆ ಕೂಲಿಯೂ ಹೋಯ್ತು, ಬೀಜವೂ ಇಲ್ಲ. ನೆಟ್ ಹುಳ ತಡೆಯುತ್ತೆ, ಬಿಸಿಲು ತಗ್ಗಿಸುತ್ತೆ, ಚಳಿಯನ್ನೇನೂ ತಡೆಯಲ್ಲ.

ಹೂ ನಿಲ್ಲಿಸೋಕೆ ಅಂತ ಎನ್‌ಎಎ ಹೊಡೆಯೋ ರೂಢಿ ಇದೆ. ಗಿಡದೊಳಗಿನ ಏರುಪೇರಿಂದ ಹೂ ಉದುರುತ್ತಿದ್ದರೆ ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತೆ, ಜೊಳ್ಳು ಪರಾಗಕ್ಕೆ ಜೀವ ಕೊಡಲ್ಲ. ಪ್ರಮಾಣ ಹೆಚ್ಚಾದರೆ ಹೂ ಉದುರಿಸೋದೂ ಅದೇ ದ್ರಾವಣ. ಹಾಗೆ ನೋಡಿದರೆ ಮಳೆಯಾಶ್ರಿತ ಬ್ಯಾಡಗಿ ಬೆಳೆಯಲ್ಲಿ ಡಿಸೆಂಬರ್ ಕೊನೆಯ ಹೂವಿಗೆ ಅಷ್ಟು ತಲೆಕೆಡಿಸಿಕೊಳ್ಳೋ ಅಗತ್ಯವೂ ಇಲ್ಲ. ಹೂ ಕಾಯಾಗಿ ಕೆಂಪಾಗೋಕೆ ಸುಮಾರು ಎರಡು ತಿಂಗಳು ಬೇಕು, ಅಲ್ಲಿವರೆಗೆ ಎರೆ ಹೊಲದ ತೇವ ಎಲ್ಲಿ ಉಳಿಯುತ್ತೆ? ಗಿಡದಲ್ಲಿ ಈಗಾಗಲೇ ಇರೋ ಕಾಯಿ ಚೆನ್ನಾಗಿ ಹಣ್ಣಾದರೆ ಸಾಕು. ನಷ್ಟದ ಲೆಕ್ಕ ಹಾಕಬೇಕಾದವರು ಬೋರ್‌ವೆಲ್ ನೀರಲ್ಲಿ ಹಸಿಕಾಯಿ ಬಿಡಿಸುವವರು, ದೊಣ್ಣೆಮೆಣಸು ಹಾಕಿದವರು.

ಆದರೆ ಎಲ್ಲವನ್ನೂ ಚಳಿಯ ತಲೆಗೆ ಕಟ್ಟೋದೂ ತಪ್ಪು. 2021–22ರಲ್ಲಿ ಕಪ್ಪು ಥ್ರಿಪ್ಸ್ ದಾಳಿಯಿಂದ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಬೆಳೆಗಾರರು ಅನುಭವಿಸಿದ್ದು ಯಾರೂ ಮರೆತಿಲ್ಲ. ಆ ಕೀಟ ಹೂವಿನೊಳಗೇ ಕೂತಿರುತ್ತೆ. ಬಿಳಿ ಹಾಳೆ ಹಿಡಿದು ಹತ್ತಿಪ್ಪತ್ತು ಹೂ ತಟ್ಟಿದರೆ ಸಾಕು, ಇದ್ದರೆ ಓಡಾಡೋದು ಕಾಣುತ್ತೆ. ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ. ಚಳಿಗಾಲದ ಇನ್ನೊಂದು ಶತ್ರು ಬೂದಿ ರೋಗ. ಹಗಲು ಒಣ ಹವೆ, ರಾತ್ರಿ ಇಬ್ಬನಿ ಇದ್ದಾಗ ಇದು ಜೋರು. ಮೇಲಿಂದ ಹಳದಿ ಮಚ್ಚೆ ಮಾತ್ರ ಕಾಣೋದರಿಂದ ಗೊಬ್ಬರ ಸಾಲದು ಅಂದುಕೊಳ್ತಾರೆ. ಎಲೆ ತಿರುವಿ ಹಾಕಿದರೆ ಅಡಿಯಲ್ಲಿ ಬಿಳಿ ಬೂದಿ ಇರುತ್ತೆ. ಅದಕ್ಕೆ ಲೀಟರ್ ನೀರಿಗೆ 3 ಗ್ರಾಂ ನೀರಲ್ಲಿ ಕರಗುವ ಗಂಧಕ ಸಾಕು, ಎಲೆಯ ಅಡಿಗೆ ತಾಗುವಂತೆ, ಬಿಸಿಲು ಏರದ ಹೊತ್ತಲ್ಲಿ ಹೊಡೀಬೇಕು. ಗುರುತು ಸಿಗದಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಗಿಡ ಹಿಡಿದುಕೊಂಡು ಹೋಗಿ ಬರೋ ಖರ್ಚು ಒಂದು ಬಾಟಲಿ ಎಣ್ಣೆಗಿಂತ ಕಮ್ಮಿ.

ಹೊಲದಲ್ಲಿ ಮಾಡಬಹುದಾದ್ದು

ಎಲ್ಲಕ್ಕಿಂತ ಅಗ್ಗದ ರಕ್ಷಣೆ ಹದವಾದ ತೇವ. ಒಣ ಮಣ್ಣಿಗಿಂತ ತೇವದ ಮಣ್ಣು ಹಗಲಿನ ಬಿಸಿಲನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ನಿಧಾನಕ್ಕೆ ಬಿಟ್ಟುಕೊಡುತ್ತೆ. ಚಳಿ ಹೆಚ್ಚುತ್ತೆ ಅಂತ ಮುನ್ಸೂಚನೆ ಬಂದ ದಿನ ಡ್ರಿಪ್ ಇದ್ದರೆ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ನೀರು ಬಿಡಿ. ಬೋರ್‌ವೆಲ್ ನೀರು ರಾತ್ರಿಯ ಗಾಳಿಗಿಂತ ಬೆಚ್ಚಗೇ ಇರುತ್ತೆ. ಹದ ಅಂದ್ರೆ ಹದ, ಕೆಸರು ಮಾಡೋದಲ್ಲ. ಸ್ಪ್ರಿಂಕ್ಲರ್‌ನಿಂದ ಸಂಜೆ ಎಲೆ ತೋಯಿಸೋದಂತೂ ಬೇಡವೇ ಬೇಡ, ರಾತ್ರಿಯಿಡೀ ಒದ್ದೆ ಎಲೆ ರೋಗಕ್ಕೆ ಆಹ್ವಾನ.

ಮೋಡ ಇಲ್ಲದ, ಗಾಳಿ ಆಡದ ರಾತ್ರಿಗಳೇ ಕೆಟ್ಟವು. ನೆಲದ ಬಿಸಿ ನೇರ ಆಕಾಶಕ್ಕೆ ಹೋಗುತ್ತೆ, ತಣ್ಣನೆ ಗಾಳಿ ಭಾರ ಆಗಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತೆ. ಹಳ್ಳದ ದಂಡೆಯ ತಗ್ಗು ಹೊಲದಲ್ಲಿ ಗಿಡ ಸೊರಗಿ, ದಿಬ್ಬದ ಹೊಲದಲ್ಲಿ ಚೆನ್ನಾಗಿರೋದು ಇದಕ್ಕೇ. ಹೊಲದ ಸುತ್ತ ಎರಡು ಮೂರು ಸಾಲು ಜೋಳ ಅಥವಾ ಗೋವಿನಜೋಳ ಹಾಕೋದು ಗಾಳಿಗೂ ಹುಳಕ್ಕೂ ಒಳ್ಳೆಯದು, ಆದರೆ ತಗ್ಗಿನ ಬದಿಗೆ ದಟ್ಟ ಬೇಲಿ ಇದ್ದರೆ ತಣ್ಣನೆ ಗಾಳಿ ಹೊರಹೋಗದೆ ಒಳಗೇ ನಿಲ್ಲುತ್ತೆ. ಆ ಬದಿ ಸ್ವಲ್ಪ ಬಯಲಿರಲಿ.

ಬದುವಿನ ಮೇಲೆ ಕಸ ಸುಟ್ಟು ಹೊಗೆ ಹಾಕೋದು ಹಳೇ ಪದ್ಧತಿ. ಹೊಗೆ ಕಣ್ಣಿಗೆ ಕಾಣೋಷ್ಟು ಚಳಿ ತಡೆಯಲ್ಲ, ಅಲ್ಪಸ್ವಲ್ಪ ಉಪಯೋಗ ಆದರೆ ಅದು ಬೆಂಕಿಯ ಕಾವಿಂದ. ಒಣ ಹುಲ್ಲು, ರವದಿ ಸುಟ್ಟು ಪಕ್ಕದ ಬಣವಿಗೆ ಕಿಡಿ ಹಾರಿಸಿಕೊಳ್ಳೋ ಬದಲು ಅದನ್ನೇ ಗಿಡದ ಬುಡಕ್ಕೆ ಹರಡಿದರೆ ತೇವವಾದರೂ ಉಳಿಯುತ್ತೆ. ತೀರಾ ದಪ್ಪಗೆ ಹರಡಬೇಡಿ, ಹಗಲಿನ ಬಿಸಿಲು ಮಣ್ಣಿಗೆ ತಲುಪಬೇಕು.

ಅಗಿ ಮಡಿಗೆ ಹೆಚ್ಚು ಜೋಪಾನ

ಬೇಸಿಗೆ ಬೆಳೆಗೆ ಡಿಸೆಂಬರ್–ಜನವರಿಯಲ್ಲಿ ಮಡಿ ಹಾಕುವವರು ನಿಜವಾಗಿ ಎಚ್ಚರ ಇರಬೇಕು. 25ರಿಂದ 30 ಡಿಗ್ರಿಯಲ್ಲಿ ವಾರ, ಹತ್ತು ದಿನಕ್ಕೆ ಮೊಳೆಯೋ ಬೀಜ ತಣ್ಣನೆ ಮಣ್ಣಲ್ಲಿ ಎರಡು ಮೂರು ವಾರ ತೆಗೆದುಕೊಳ್ಳುತ್ತೆ, ಅಷ್ಟರಲ್ಲಿ ಅರ್ಧ ಕೊಳೆತಿರುತ್ತೆ. ಬಿದಿರಿನ ದಬ್ಬೆ ಅಥವಾ ತಂತಿ ಬಾಗಿಸಿ ಮಡಿ ಮೇಲೆ ಕಮಾನು ಕಟ್ಟಿ, ಸೂರ್ಯ ಮುಳುಗೋ ಮುಂಚೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಕತ್ತಲಾದ ಮೇಲೆ ಹೊದಿಸಿದರೆ ಬಿಸಿ ಆಗಲೇ ಹೋಗಿರುತ್ತೆ. ಹಾಳೆ ಎಲೆಗೆ ತಾಗಬಾರದು. ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಮರೆಯದೆ ತೆಗೀಬೇಕು. ಚಳಿಗೆ ಸತ್ತ ಅಗಿಗಿಂತ, ಹಾಳೆ ತೆಗೆಯೋದು ಮರೆತು ಬಿಸಿಲಿಗೆ ಬೆಂದ ಅಗಿ ಕಮ್ಮಿಯೇನಲ್ಲ. ಮಡಿಗೆ ನೀರು ಬೆಳಿಗ್ಗೆಯೇ ಹಾಕಿ. ಸಂಜೆ ಹಾಕಿ ಮುಚ್ಚಿದರೆ ಬುಡ ಕೊಳೆ ಶುರು.

ನರ್ಸರಿಯಿಂದ ಪ್ರೋಟ್ರೇ ಅಗಿ ತರುವವರು ದಿನದ ಲೆಕ್ಕ ಬಿಟ್ಟು ದಂಟು ಮುಟ್ಟಿ ನೋಡಬೇಕು. ನೆರಳು ಪರದೆಯಡಿ ಬೆಚ್ಚಗೆ ಬೆಳೆದ ಎಳೆ ಅಗಿಯನ್ನು ನೇರ ಬಯಲು ಹೊಲಕ್ಕೆ ಹಚ್ಚಿದರೆ ಮೊದಲ ವಾರವೇ ಮಂಡಿಯೂರುತ್ತೆ. ವಾರದ ಮಟ್ಟಿಗೆ ಹೊರಗಿನ ಬಿಸಿಲು ಗಾಳಿಗೆ ಇಟ್ಟು, ನೀರು ಸ್ವಲ್ಪ ಕಮ್ಮಿ ಮಾಡಿ ಗಟ್ಟಿ ಮಾಡಿಕೊಳ್ಳಬೇಕು. ಭಾರತೀಯ ಹವಾಮಾನ ಇಲಾಖೆಯ ಮೇಘದೂತ ಆ್ಯಪ್‌ನಲ್ಲಿ ಜಿಲ್ಲೆಯ ಕನಿಷ್ಠ ತಾಪಮಾನದ ಮುನ್ಸೂಚನೆ ಸಿಗುತ್ತೆ. ಮುಂದಿನ ನಾಲ್ಕು ರಾತ್ರಿ 12ರ ಕೆಳಗೆ ತೋರಿಸ್ತಿದ್ದರೆ ಹಚ್ಚೋದನ್ನು ಒಂದು ವಾರ ಮುಂದೂಡಿದರೂ ನಷ್ಟವಿಲ್ಲ.

ಮನೆ ಮಾಳಿಗೆ ಮೇಲೆ ಕುಂಡದಲ್ಲಿ ನಾಲ್ಕು ಗಿಡ ಇಟ್ಟವರಿಗೆ ಕೆಲಸ ಸುಲಭ. ಕುಂಡದ ಮಣ್ಣು ಹೊಲಕ್ಕಿಂತ ಬೇಗ ತಣ್ಣಗಾಗೋದರಿಂದ ಹಗಲೆಲ್ಲ ಬಿಸಿಲು ಕಾಯ್ದ ಪಡುವಣ ಗೋಡೆಗೆ ಒತ್ತಿ ಇಡಿ, ಅಡಿಗೆ ಒಂದು ಗೋಣಿಚೀಲ ಮಡಚಿ ಹಾಕಿ. ಎಲೆ ಉದುರಿ ಬರೀ ಕಡ್ಡಿ ಉಳಿದರೂ ಕಿತ್ತೆಸೆಯೋ ಅವಸರ ಬೇಡ. ಮೆಣಸಿನಕಾಯಿ ಸ್ವಭಾವತಃ ಬಹುವಾರ್ಷಿಕ ಗಿಡ, ಒಂದೇ ಹಂಗಾಮಿಗೆ ಕೀಳೋದು ನಮ್ಮ ರೂಢಿ. ತೊಗಟೆ ಉಗುರಲ್ಲಿ ಗೀರಿ ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಕತ್ತರಿ ಮಾತ್ರ ಈಗಲೇ ಹಾಕಬೇಡಿ, ಹೊಸ ಚಿಗುರು ಚಳಿಗೇ ಸಿಕ್ಕಿಕೊಳ್ಳುತ್ತೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟ ಮೇಲೆ ಒಣ ತುದಿಗಳನ್ನು ಸವರಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಡಿ.